ಹೊಸ ಉತ್ಪನ್ನದ ಆಲೋಚನೆ ಮತ್ತು ಅದರ ಪರೀಕ್ಷೆ: ಶಿಕಾರಿಪುರ ಹಾಗೂ ಸೊರಬ ತಾಲ್ಲೂಕುಗಳ ವಿದ್ಯಾರ್ಥಿ ಉದ್ಯಮಿಗಳಿಗೆ ಮಾಹಿತಿ

1. ಪೀಠಿಕೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಮುಖ್ಯವಾಗಿ ಕೃಷಿಯನ್ನು ಅವಲಂಬಿಸಿವೆ. ಭತ್ತ, ಮೆಕ್ಕೆಜೋಳ, ಅಡಿಕೆ, ಶುಂಠಿ ಮತ್ತು ಅನಾನಸ್ ಇಲ್ಲಿನ ಪ್ರಮುಖ ಬೆಳೆಗಳಾಗಿವೆ. ಈ ಬೆಳೆಗಳ ಗಣನೀಯ ಭಾಗವು ಕಚ್ಚಾ ರೂಪದಲ್ಲಿಯೇ ಹೊರ ಊರುಗಳ ಮಾರುಕಟ್ಟೆ ಸೇರುತ್ತದೆ. ಸಂಸ್ಕರಣೆಯಿಂದ ದೊರೆಯಬಹುದಾದ ಹೆಚ್ಚುವರಿ ಆದಾಯವು ಬೆಳೆದವರ ಕೈಗೆ ಬರುವುದಿಲ್ಲ. ಇದನ್ನು ಮನೆಯಲ್ಲಿಯೇ ಕಂಡು ಬೆಳೆದ ಕಾಲೇಜು, ಪಾಲಿಟೆಕ್ನಿಕ್ ಹಾಗೂ ಐ.ಟಿ.ಐ. ವಿದ್ಯಾರ್ಥಿಗಳಲ್ಲಿ ಅನೇಕರು ಹೊಸ ಉತ್ಪನ್ನವೊಂದನ್ನು ತಯಾರಿಸಿ ಮಾರಬೇಕೆಂಬ ಆಲೋಚನೆ ಹೊಂದಿರುತ್ತಾರೆ.

ಆಲೋಚನೆ ಹೊಳೆದ ಕೂಡಲೇ ಸಾಲಕ್ಕೆ ಅರ್ಜಿ ಹಾಕುವುದು ಸಾಮಾನ್ಯ. ಆದರೆ ವಿದ್ಯಾರ್ಥಿಯ ಹೆಸರಿನಲ್ಲಿ ಸ್ವಂತ ಆಸ್ತಿ ಇರುವುದು ವಿರಳ. ಜಾಮೀನು ಕೇಳಿದಾಗ ಮುಂದಿಡಬೇಕಾಗುವುದು ತಂದೆಯ ಹೆಸರಿನ ಪಹಣಿ ಅಥವಾ ತಾಯಿಯ ಒಡವೆ. ಉತ್ಪನ್ನವು ಮಾರಾಟವಾಗದಿದ್ದಲ್ಲಿ ಹೊರೆ ಇಡೀ ಕುಟುಂಬದ ಮೇಲೆ ಬೀಳುತ್ತದೆ. ಆದುದರಿಂದ ಪರೀಕ್ಷೆ ಮೊದಲು, ಸಾಲ ನಂತರ ಎಂಬುದನ್ನು ವಿದ್ಯಾರ್ಥಿ ಉದ್ಯಮಿಯು ನಿಯಮವಾಗಿ ಪಾಲಿಸತಕ್ಕದ್ದು. ಕೆಲವು ನೂರು ಅಥವಾ ಕೆಲವು ಸಾವಿರ ರೂಪಾಯಿಗಳ ವೆಚ್ಚದಲ್ಲಿ ಆಲೋಚನೆಯ ಬಲಾಬಲವನ್ನು ಅರಿಯುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

2. ಆಲೋಚನೆಗಳಿಗೆ ಇರುವ ಸ್ಥಳೀಯ ಆಧಾರ

ಹೊಸ ಉತ್ಪನ್ನವೆಂದರೆ ಲೋಕದಲ್ಲಿ ಹಿಂದೆಂದೂ ಇರದ ವಸ್ತುವೇ ಆಗಬೇಕೆಂದಿಲ್ಲ. ಇರುವ ವಸ್ತುವಿನ ಹೊಸ ರೂಪ, ಹೊಸ ಅಳತೆ, ಹೊಸ ಬಳಕೆ ಅಥವಾ ಹೊಸ ಗ್ರಾಹಕ ವರ್ಗವೂ ಹೊಸ ಉತ್ಪನ್ನಕ್ಕೆ ದಾರಿಯಾಗುತ್ತದೆ. ಎರಡೂ ತಾಲ್ಲೂಕುಗಳಲ್ಲಿ ಗಮನಿಸಬಹುದಾದ ಕೆಲವು ಆಧಾರಗಳು ಹೀಗಿವೆ:

(ಅ) ಅನಾನಸ್: ಸೊರಬ ತಾಲ್ಲೂಕು ಹಾಗೂ ಅದಕ್ಕೆ ಹೊಂದಿಕೊಂಡಿರುವ ಬನವಾಸಿ ಭಾಗದಲ್ಲಿ ಅನಾನಸ್ ಬೆಳೆಯಲಾಗುತ್ತದೆ. ಕೊಯ್ಲು ಒಟ್ಟಿಗೆ ಬಂದಾಗ ಬೆಲೆ ಕುಸಿಯುತ್ತದೆ. ಹಣ್ಣನ್ನು ಬಹಳ ದಿನ ಇಡಲಾಗುವುದಿಲ್ಲ. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ನಿಯಮಬದ್ಧಗೊಳಿಸುವಿಕೆ ಯೋಜನೆಯಡಿ ಶಿವಮೊಗ್ಗ ಜಿಲ್ಲೆಗೆ ಆಯ್ಕೆಯಾದ 'ಒಂದು ಜಿಲ್ಲೆ ಒಂದು ಉತ್ಪನ್ನ'ವೂ ಅನಾನಸ್ಸೇ ಆಗಿದೆ.

(ಆ) ಗುಡಿಗಾರರ ಕಲೆ: ಸೊರಬ ಮತ್ತು ಸಾಗರದ ಗುಡಿಗಾರ ಕುಟುಂಬಗಳು ಶ್ರೀಗಂಧದ ಕೆತ್ತನೆಗೂ ಬೆಂಡಿನ ಬಾಸಿಂಗಕ್ಕೂ ಹೆಸರಾಗಿವೆ. ಶ್ರೀಗಂಧದ ಮರವು ಅರಣ್ಯ ಕಾನೂನಿನ ನಿಯಂತ್ರಣಕ್ಕೆ ಒಳಪಟ್ಟಿದ್ದು ದುಬಾರಿಯೂ ಆಗಿರುವುದರಿಂದ ಶಿವಣೆಯಂತಹ ಮರಗಳಲ್ಲಿಯೂ ಕೆತ್ತನೆ ನಡೆಯುತ್ತದೆ. ಬಳ್ಳಿಗಾವಿ, ತಾಳಗುಂದ, ಉಡುತಡಿ, ಚಂದ್ರಗುತ್ತಿಗಳಿಗೆ ಬರುವ ಪ್ರವಾಸಿಗರು ಕೊಂಡೊಯ್ಯಬಹುದಾದ ಸಣ್ಣ ವಸ್ತುಗಳ ವಿನ್ಯಾಸವು ವಿದ್ಯಾರ್ಥಿ ಹಾಗೂ ಕುಶಲಕರ್ಮಿ ಜೊತೆಗೂಡಿ ಮಾಡಬಹುದಾದ ಕೆಲಸವಾಗಿದೆ.

(ಇ) ಮೆಕ್ಕೆಜೋಳ ಮತ್ತು ಅಡಿಕೆ: ಬಿಡಿಸುವುದು, ಸುಲಿಯುವುದು, ಒಣಗಿಸುವುದು, ಹೊರುವುದು ಇವೆಲ್ಲವೂ ಕೂಲಿಯಾಳುಗಳ ಕೊರತೆಯಿಂದ ಕಷ್ಟವಾಗಿವೆ. ಸಣ್ಣ ಹಿಡುವಳಿದಾರರಿಗೆ ಒಗ್ಗುವ ಉಪಕರಣಗಳು ಐ.ಟಿ.ಐ. ಮತ್ತು ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೆ ಸೂಕ್ತ ವಿಷಯವಾಗಿವೆ.

(ಈ) ಮಲೆನಾಡಿನ ಅಡುಗೆ: ಅಪ್ಪೆಮಿಡಿ, ಮುರುಗಲು, ಕಳಲೆ, ಹಲಸು ಮುಂತಾದವುಗಳಿಗೆ ಊರು ಬಿಟ್ಟು ಬೆಂಗಳೂರು ಸೇರಿದ ಮಲೆನಾಡಿನವರಲ್ಲಿ ಬೇಡಿಕೆ ಇರುತ್ತದೆ.

3. ಆಲೋಚನೆಯನ್ನು ಆಯ್ದುಕೊಳ್ಳುವ ಕ್ರಮ

ಮೊದಲಿಗೆ ಒಂದು ನೋಟ್ ಪುಸ್ತಕದಲ್ಲಿ ಕನಿಷ್ಠ 10 ಆಲೋಚನೆಗಳನ್ನು ಬರೆದುಕೊಳ್ಳುವುದು ಒಳ್ಳೆಯದು. ಒಂದೇ ಆಲೋಚನೆ ಇದ್ದಲ್ಲಿ ಮನಸ್ಸು ಅದಕ್ಕೇ ಅಂಟಿಕೊಂಡು, ದೋಷ ಕಂಡರೂ ಸಮರ್ಥಿಸಲು ಹೊರಡುತ್ತದೆ. ಬಳಿಕ ಪ್ರತಿಯೊಂದಕ್ಕೂ ಈ ಕೆಳಕಂಡ ಪ್ರಶ್ನೆಗಳನ್ನು ಹಾಕಿಕೊಳ್ಳತಕ್ಕದ್ದು:

* ಇದು ಯಾರ ಯಾವ ತೊಂದರೆಯನ್ನು ನಿವಾರಿಸುತ್ತದೆ?
* ಆ ತೊಂದರೆಯನ್ನು ಅವರು ಈಗ ಹೇಗೆ ನಿಭಾಯಿಸುತ್ತಿದ್ದಾರೆ? ಅದಕ್ಕೆ ಎಷ್ಟು ಖರ್ಚಾಗುತ್ತಿದೆ?
* ಕಚ್ಚಾ ವಸ್ತು ವರ್ಷದ ಎಷ್ಟು ತಿಂಗಳು ದೊರೆಯುತ್ತದೆ?
* ಓದಿಗೆ ಅಡ್ಡಿಯಾಗದಂತೆ, ರಜೆ ಹಾಗೂ ಸಂಜೆಯ ವೇಳೆಯಲ್ಲಿ ಮಾಡಬಹುದೇ?
* ಮೊದಲ ಮಾದರಿಯನ್ನು 2,000 ರೂ. ಒಳಗೆ ತಯಾರಿಸಬಹುದೇ?
* ಇದರಿಂದ ಯಾರಿಗಾದರೂ ಅಪಾಯವಾಗುವ ಸಂಭವವಿದೆಯೇ?

ಎರಡನೆಯ ಪ್ರಶ್ನೆಗೆ ಉತ್ತರವನ್ನು ಊಹಿಸಿ ಬರೆಯಬಾರದು; ಸಂಬಂಧಪಟ್ಟ ಜನರನ್ನು ಕಂಡು ಕೇಳಬೇಕು. ಕೇಳುವ ರೀತಿಯೂ ಮುಖ್ಯ. "ನಾನು ಇಂತಹುದನ್ನು ಮಾಡಿದರೆ ಕೊಳ್ಳುವಿರಾ?" ಎಂದು ಕೇಳಿದರೆ, ನಮ್ಮ ಊರುಗಳಲ್ಲಿ ಓದುವ ಹುಡುಗ ಅಥವಾ ಹುಡುಗಿಯ ಮನಸ್ಸು ನೋಯಿಸಲು ಯಾರೂ ಇಷ್ಟಪಡುವುದಿಲ್ಲ, ಎಲ್ಲರೂ "ಆಗಲಿ, ಮಾಡು" ಎನ್ನುತ್ತಾರೆ. "ಕಳೆದ ವರ್ಷ ಜೋಳ ಬಿಡಿಸಲು ಎಷ್ಟು ದಿನ ಹಿಡಿಯಿತು, ಎಷ್ಟು ಕೂಲಿ ಕೊಟ್ಟಿರಿ?" ಎಂದು ಕೇಳಿದರೆ ನಿಜವಾದ ಮಾಹಿತಿ ದೊರೆಯುತ್ತದೆ. ಕನಿಷ್ಠ 15ರಿಂದ 20 ಜನರನ್ನು ಹೀಗೆ ಮಾತನಾಡಿಸಿ, ಅವರು ಹೇಳಿದ್ದನ್ನು ಅದೇ ದಿನ ಬರೆದಿಡತಕ್ಕದ್ದು.

4. ಮಾದರಿ ತಯಾರಿಕೆ

ಮಾದರಿ ಎಂದರೆ ಮಾರಾಟಕ್ಕೆ ಸಿದ್ಧವಾದ ಅಂತಿಮ ಉತ್ಪನ್ನವಲ್ಲ. ಒಂದು ಪ್ರಶ್ನೆಗೆ ಉತ್ತರ ಪಡೆಯಲು ತಯಾರಿಸುವ, ಸಾಧ್ಯವಾದಷ್ಟು ಅಗ್ಗದ ನಮೂನೆ. ಕೆತ್ತನೆಯ ವಸ್ತುವಾದಲ್ಲಿ ಅಳತೆ ಸರಿಯೇ ಎಂದು ತಿಳಿಯಲು ಮೊದಲು ರಟ್ಟು ಅಥವಾ ಮೆದು ಮರದಲ್ಲಿ ಮಾಡಿ ನೋಡಬಹುದು. ಉಪಕರಣವಾದಲ್ಲಿ ಮೋಟಾರು ಜೋಡಿಸುವ ಮೊದಲು ಕೈಯಿಂದ ತಿರುಗಿಸಿ ನೋಡಬಹುದು.

ಆಹಾರ ಪದಾರ್ಥವಾದಲ್ಲಿ ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸತಕ್ಕದ್ದು. ಸಕ್ಕರೆ, ಹುಳಿ ಮತ್ತು ಕುದಿಸುವ ಸಮಯ ಮೂರನ್ನೂ ಒಟ್ಟಿಗೆ ಬದಲಿಸಿದರೆ ರುಚಿ ಸುಧಾರಿಸಿದ್ದು ಯಾವುದರಿಂದ ಎಂಬುದು ತಿಳಿಯುವುದಿಲ್ಲ. ಪ್ರತಿ ಸಲದ ತಯಾರಿಕೆಗೂ ಕ್ರಮಸಂಖ್ಯೆ, ದಿನಾಂಕ, ತೂಕ, ಸಮಯಗಳನ್ನು ಬರೆದಿಡತಕ್ಕದ್ದು. ಕೈಯಳತೆ, ಕಣ್ಣಳತೆಗಳು ಮನೆಯ ಅಡುಗೆಗೆ ಸಾಕಾಗುತ್ತವೆ. ಮಾರುವ ವಸ್ತು ಪ್ರತಿ ಸಲವೂ ಒಂದೇ ರೀತಿ ಇರಬೇಕಾದುದರಿಂದ ತಕ್ಕಡಿಯ ಬಳಕೆ ಕಡ್ಡಾಯ.

ಮಾದರಿ ತಯಾರಿಸುವ ಮೊದಲೇ ಸಂಬಂಧಪಟ್ಟ ಗುಣಮಟ್ಟವನ್ನು ತಿಳಿದಿರಬೇಕು. ಉದಾಹರಣೆಗೆ, ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2011ರ ನಿಯಮಗಳಂತೆ ಅನಾನಸ್ ಜಾಮ್‌ನಲ್ಲಿ ಹಣ್ಣಿನ ಪ್ರಮಾಣ ತೂಕದಲ್ಲಿ ಶೇ. 45ಕ್ಕಿಂತ ಕಡಿಮೆ ಇರಬಾರದು. ಕರಗಿದ ಘನಾಂಶ ಶೇ. 65ಕ್ಕಿಂತ ಕಡಿಮೆ ಇರಬಾರದು. ಸ್ಕ್ವಾಷ್ ಆದಲ್ಲಿ ಹಣ್ಣಿನ ರಸ ಕನಿಷ್ಠ ಶೇ. 25, ಕರಗಿದ ಘನಾಂಶ ಕನಿಷ್ಠ ಶೇ. 40 ಇರಬೇಕು. ಈ ಅಳತೆಗೆ ಬಾರದ ವಸ್ತುವನ್ನು ಜಾಮ್ ಅಥವಾ ಸ್ಕ್ವಾಷ್ ಎಂಬ ಹೆಸರಿನಲ್ಲಿ ಮಾರುವಂತಿಲ್ಲ.

5. ಪರೀಕ್ಷೆಯ ನಾಲ್ಕು ಹಂತಗಳು

5.1 ಬಳಕೆದಾರರ ಪರೀಕ್ಷೆ

ಮನೆಯವರು, ಬಂಧುಗಳು ಹಾಗೂ ಸಹಪಾಠಿಗಳ ಮೆಚ್ಚುಗೆಯನ್ನು ಪರೀಕ್ಷೆಯ ಫಲಿತಾಂಶವೆಂದು ಪರಿಗಣಿಸಬಾರದು. ಅವರು ಮೆಚ್ಚುವುದು ಬಹುತೇಕ ತಯಾರಿಸಿದವರನ್ನು. ಪರಿಚಯವಿಲ್ಲದವರ ಅಭಿಪ್ರಾಯವನ್ನು, ತಯಾರಿಸಿದವರು ಎದುರಿಗೆ ಇಲ್ಲದಿರುವಾಗ ಪಡೆಯುವುದು ಸೂಕ್ತ.

ಎರಡು ವಿಧದ ಪಾಕಗಳಲ್ಲಿ ನಿಜವಾಗಿ ರುಚಿಯ ವ್ಯತ್ಯಾಸವಿದೆಯೇ ಎಂದು ತಿಳಿಯಲು ಸರಳ ವಿಧಾನವೊಂದಿದೆ. ಮೂರು ಲೋಟಗಳಲ್ಲಿ ಎರಡಕ್ಕೆ ಒಂದೇ ಪಾಕವನ್ನೂ ಒಂದಕ್ಕೆ ಬೇರೆಯದನ್ನೂ ಹಾಕಿ, ಬೇರೆಯಾದುದು ಯಾವುದೆಂದು ಗುರುತಿಸಲು 12 ಜನರಿಗೆ ಒಬ್ಬೊಬ್ಬರಾಗಿ ಕೇಳಬೇಕು. ಲೋಟಗಳ ಕ್ರಮವನ್ನು ಪ್ರತಿಯೊಬ್ಬರಿಗೂ ಬದಲಿಸಬೇಕು. ಏನೂ ತಿಳಿಯದೆ ಊಹಿಸಿದರೂ ಸರಾಸರಿ 4 ಜನ ಸರಿಯುತ್ತರ ಕೊಡುತ್ತಾರೆ. ಆದುದರಿಂದ 8 ಅಥವಾ ಹೆಚ್ಚು ಜನ ಸರಿಯಾಗಿ ಗುರುತಿಸಿದಲ್ಲಿ ಮಾತ್ರ ವ್ಯತ್ಯಾಸವಿದೆ ಎಂದು ನಂಬಬಹುದು. ವ್ಯತ್ಯಾಸವೇ ತಿಳಿಯದಿದ್ದಲ್ಲಿ ಕಡಿಮೆ ಖರ್ಚಿನ ಪಾಕವನ್ನು ಆರಿಸಿಕೊಳ್ಳಬಹುದು.

5.2 ಬಾಳಿಕೆಯ ಪರೀಕ್ಷೆ

ಶಿಕಾರಿಪುರ ತಾಲ್ಲೂಕು ಅರೆಮಲೆನಾಡು. ಸೊರಬದ ಪಶ್ಚಿಮ ಭಾಗ ಮಲೆನಾಡು. ಬೇಸಿಗೆಯಲ್ಲಿ ಶಿರಾಳಕೊಪ್ಪದಲ್ಲಿ ಗರಿಗರಿಯಾಗಿ ಉಳಿದ ಹಲಸಿನ ಚಿಪ್ಸ್ ಆಷಾಢದ ಮಳೆಯಲ್ಲಿ ಚಂದ್ರಗುತ್ತಿಯ ಅಂಗಡಿಯಲ್ಲಿ ಮೆತ್ತಗಾಗುವ ಸಂಭವವಿದೆ. ಆದುದರಿಂದ ಬಾಳಿಕೆಯನ್ನು ಎರಡು ಸ್ಥಳಗಳಲ್ಲಿಯೂ, ಸಾಧ್ಯವಾದರೆ ಒಂದು ಮಳೆಗಾಲ ಪೂರ್ತಿಯಾಗಿಯೂ ಪರೀಕ್ಷಿಸುವುದು ಒಳ್ಳೆಯದು.

ಪ್ರತಿ ತಯಾರಿಕೆಯಿಂದ ಕನಿಷ್ಠ 2 ಪೊಟ್ಟಣ ಅಥವಾ ಬಾಟಲಿಗಳನ್ನು ಮಾರದೆ ತೆಗೆದಿರಿಸಬೇಕು. 15, 30, 60 ಮತ್ತು 90ನೆಯ ದಿನಗಳಂದು ಬಣ್ಣ, ವಾಸನೆ, ಬೂಷ್ಟು, ಮುಚ್ಚಳದ ಉಬ್ಬು, ತೇವ ಇವುಗಳನ್ನು ಗಮನಿಸಿ ಬರೆದಿಡಬೇಕು. ಯಾವುದೇ ಸಂದೇಹವಿರುವ ಪದಾರ್ಥವನ್ನು ರುಚಿ ನೋಡಬಾರದು. ಮೂರು ತಿಂಗಳು ಇಟ್ಟು ನೋಡದ ವಸ್ತುವಿನ ಮೇಲೆ 'ಆರು ತಿಂಗಳೊಳಗೆ ಬಳಸಿರಿ' ಎಂದು ಮುದ್ರಿಸುವುದು ಗ್ರಾಹಕರನ್ನು ತಪ್ಪುದಾರಿಗೆ ಎಳೆದಂತಾಗುತ್ತದೆ.

5.3 ಸುರಕ್ಷತೆಯ ಪರೀಕ್ಷೆ

ಬಹುಕಾಲದಿಂದ ಬಳಕೆಯಲ್ಲಿದೆ ಎಂಬ ಕಾರಣಕ್ಕೆ ಒಂದು ವಸ್ತು ಸುರಕ್ಷಿತವೆಂದು ಭಾವಿಸಲಾಗದು. ಇದಕ್ಕೆ ಅಡಿಕೆ ಹಾಳೆಯ ತಟ್ಟೆ ಉತ್ತಮ ನಿದರ್ಶನವಾಗಿದೆ. ಮಲೆನಾಡು ಮತ್ತು ಕರಾವಳಿಯ ಅನೇಕ ಸಣ್ಣ ಘಟಕಗಳು ಹಾಳೆಯನ್ನು ಒತ್ತಿ ತಟ್ಟೆ, ಬಟ್ಟಲು ತಯಾರಿಸಿ ಹೊರದೇಶಗಳಿಗೂ ಕಳುಹಿಸಿದವು. ಪ್ಲಾಸ್ಟಿಕ್ಕಿಗೆ ಬದಲಿ ಎಂದು ಇದಕ್ಕೆ ಒಳ್ಳೆಯ ಹೆಸರಿತ್ತು. ಆದರೆ 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು, ಹಾಳೆಯಲ್ಲಿರುವ ಕ್ಷಾರಸತ್ವಗಳು ಆಹಾರಕ್ಕೆ ಇಳಿಯುವ ಸಾಧ್ಯತೆಯನ್ನು ಕಾರಣವಾಗಿ ನೀಡಿ, ಇಂತಹ ತಟ್ಟೆಗಳು ಆಹಾರ ಬಡಿಸಲು ಸುರಕ್ಷಿತವಲ್ಲವೆಂದು ಪ್ರಕಟಿಸಿತು. ಘಟಕ ಸ್ಥಾಪಿಸಿ, ಸಾಲ ಮಾಡಿ, ಯಂತ್ರ ಕೊಂಡವರಿಗೆ ಇದು ದೊಡ್ಡ ಪೆಟ್ಟಾಯಿತು. ಮಾರಬೇಕೆಂದಿರುವ ದೇಶದ ನಿಯಮಗಳೇನು, ಅಲ್ಲಿ ಯಾವ ಪರೀಕ್ಷೆಯನ್ನು ಕೇಳುತ್ತಾರೆ ಎಂಬುದನ್ನು ಯಂತ್ರ ಕೊಳ್ಳುವ ಮೊದಲೇ ತಿಳಿಯಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಅಡಿಕೆಯನ್ನೇ ತಿನಿಸು ಅಥವಾ ಪಾನೀಯದಲ್ಲಿ ಬಳಸುವ ಆಲೋಚನೆ ಇರುವವರು ಇನ್ನೊಂದು ಸಂಗತಿಯನ್ನೂ ತಿಳಿದಿರತಕ್ಕದ್ದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸಿದೆ. ಬೆಳೆಗಾರರ ಜಿಲ್ಲೆಯಲ್ಲಿ ಇದು ಅಪ್ರಿಯವಾದ ಮಾತಾದರೂ ಉತ್ಪನ್ನ ತಯಾರಕರು ಇದನ್ನು ಕಡೆಗಣಿಸುವಂತಿಲ್ಲ. ಅಡಿಕೆಯ ಸಿಪ್ಪೆ, ನಾರು ಮುಂತಾದವುಗಳಿಂದ ತಿನ್ನುವುದಕ್ಕಲ್ಲದ ವಸ್ತುಗಳನ್ನು ರೂಪಿಸುವ ಆಲೋಚನೆಗಳಿಗೆ ಈ ತೊಡಕಿಲ್ಲ.

ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತಾ ನೆನೆಸಿಡುವ ಪದ್ಧತಿ ಮಲೆನಾಡಿನ ಮನೆಗಳಲ್ಲಿದೆ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿರುವುದೇ ಇದಕ್ಕೆ ಕಾರಣ. ಬೇಗ ತಯಾರಾಗಲೆಂದು ಈ ಹಂತವನ್ನು ಬಿಟ್ಟು ಪೊಟ್ಟಣ ಕಟ್ಟುವುದು ಅಪಾಯಕರ. ಹಾಗೆಯೇ, ಹುಳಿ ಕಡಿಮೆ ಇರುವ ತರಕಾರಿ, ಅಣಬೆ ಮೊದಲಾದವುಗಳನ್ನು ಗಾಳಿಯಾಡದಂತೆ ಮುಚ್ಚಿದ ಬಾಟಲಿಯಲ್ಲಿಡುವಾಗ ವಿಷಕಾರಿ ಸೂಕ್ಷ್ಮಜೀವಿ ಬೆಳೆಯುವ ಸಂಭವವಿರುವುದರಿಂದ, ಇಂತಹ ಉತ್ಪನ್ನಗಳನ್ನು ತಜ್ಞರ ಮಾರ್ಗದರ್ಶನವಿಲ್ಲದೆ ಮನೆಯಲ್ಲಿ ತಯಾರಿಸಿ ಮಾರಬಾರದು.

5.4 ಮಾರಾಟದ ಪರೀಕ್ಷೆ

ಉಚಿತವಾಗಿ ಕೊಟ್ಟಾಗ ಪಡೆದವರ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. ಹಣ ಕೊಟ್ಟು ಕೊಂಡವರೆಷ್ಟು, ಅವರಲ್ಲಿ ಮತ್ತೆ ಬಂದು ಕೊಂಡವರೆಷ್ಟು ಎಂಬುದೇ ನಿಜವಾದ ಅಳತೆ. ಮೊದಲ ಸಲ ಕುತೂಹಲದಿಂದ ಕೊಳ್ಳುವವರಿರುತ್ತಾರೆ. ಎರಡನೆಯ ಸಲ ಕೊಳ್ಳುವವರಿಗೆ ವಸ್ತು ಬೇಕಾಗಿರುತ್ತದೆ. ಆದುದರಿಂದ ಮಾರಾಟದ ಪರೀಕ್ಷೆಯನ್ನು ಒಂದೇ ದಿನ ಜಾತ್ರೆಯಲ್ಲಿಯೋ ಕಾಲೇಜು ವಸ್ತುಪ್ರದರ್ಶನದಲ್ಲಿಯೋ ಮಾಡಿ ಮುಗಿಸಬಾರದು. ಒಂದೇ ಸಂತೆ ಅಥವಾ ಒಂದೇ ಎರಡು ಅಂಗಡಿಗಳಲ್ಲಿ ಸತತ 6ರಿಂದ 8 ವಾರ ಇಟ್ಟು ನೋಡಬೇಕು. ಸಾಧ್ಯವಾದಲ್ಲಿ ಶಿಕಾರಿಪುರದಲ್ಲಿ ಒಂದು ಬೆಲೆ, ಸೊರಬದಲ್ಲಿ ಇನ್ನೊಂದು ಬೆಲೆಯ ಅಳತೆಯ ಪೊಟ್ಟಣ ಇಟ್ಟು ಯಾವುದು ಹೆಚ್ಚು ಹೋಗುತ್ತದೆಂದು ನೋಡಬಹುದು.

6. ವೆಚ್ಚದ ಲೆಕ್ಕ: ಒಂದು ಉದಾಹರಣೆ

ಸೊರಬದ ಪ್ರಥಮ ದರ್ಜೆ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ಅನಾನಸ್ ಜಾಮ್ ತಯಾರಿಸಲು ಬಯಸಿದ್ದಾಳೆಂದು ಭಾವಿಸಬಹುದು. ಕೆಳಗಿನ ದರಗಳು ಲೆಕ್ಕದ ಕ್ರಮವನ್ನು ತೋರಿಸಲು ಮಾತ್ರ ನೀಡಿದವು. ವಿದ್ಯಾರ್ಥಿಗಳು ತಮ್ಮ ಊರಿನ ದರಗಳನ್ನು ಹಾಕಿಕೊಳ್ಳತಕ್ಕದ್ದು.

10 ಕೆ.ಜಿ. ಹಣ್ಣಿನಿಂದ ಸಿಪ್ಪೆ, ದಿಂಡು ತೆಗೆದ ಬಳಿಕ 5 ಕೆ.ಜಿ. ತಿರುಳು ದೊರೆತು, 5 ಕೆ.ಜಿ. ಸಕ್ಕರೆ ಸೇರಿಸಿದಾಗ ಸುಮಾರು 8 ಕೆ.ಜಿ. ಜಾಮ್, ಎಂದರೆ 250 ಗ್ರಾಂನ 32 ಬಾಟಲಿ ಆಗುತ್ತದೆ.

* ಹಣ್ಣು, 10 ಕೆ.ಜಿ.: 200 ರೂ.
* ಸಕ್ಕರೆ, 5 ಕೆ.ಜಿ.: 225 ರೂ.
* ಸಿಟ್ರಿಕ್ ಆಮ್ಲ, ಪೆಕ್ಟಿನ್: 35 ರೂ.
* ಇಂಧನ: 90 ರೂ.
* ಬಾಟಲಿ ಮತ್ತು ಮುಚ್ಚಳ, 32: 448 ರೂ.
* ಲೇಬಲ್, 32: 96 ರೂ.
* ದುಡಿಮೆ, 6 ಗಂಟೆ: 360 ರೂ.
* ಸಾಗಾಣಿಕೆ: 100 ರೂ.
* ಒಟ್ಟು: 1,554 ರೂ.

32ರಲ್ಲಿ 2 ಬಾಟಲಿಗಳನ್ನು ಬಾಳಿಕೆಯ ಪರೀಕ್ಷೆಗೆ ತೆಗೆದಿರಿಸಿದರೆ ಮಾರಾಟಕ್ಕೆ ಉಳಿಯುವುದು 30. ಬಾಟಲಿಯೊಂದಕ್ಕೆ ವೆಚ್ಚ ಸುಮಾರು 52 ರೂ.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಹಣ್ಣು ಹಾಗೂ ಸಕ್ಕರೆಯ ಒಟ್ಟು ವೆಚ್ಚಕ್ಕಿಂತ (425 ರೂ.) ಖಾಲಿ ಬಾಟಲಿಗಳ ವೆಚ್ಚವೇ (448 ರೂ.) ಹೆಚ್ಚಾಗಿದೆ. ಹಣ್ಣು ಅಗ್ಗವಾಗಿ ದೊರೆಯುತ್ತದೆ ಎಂಬ ಒಂದೇ ಕಾರಣದಿಂದ ಲಾಭ ಖಚಿತವೆಂದು ಭಾವಿಸುವವರು ಇದನ್ನು ಮರೆತಿರುತ್ತಾರೆ. ಎರಡನೆಯದಾಗಿ, ಹಣ್ಣು ಮತ್ತು ಸಕ್ಕರೆಯನ್ನು ಮಾತ್ರ ಲೆಕ್ಕ ಹಾಕಿದ್ದಲ್ಲಿ ಬಾಟಲಿಗೆ ಸುಮಾರು 13 ರೂ. ವೆಚ್ಚವೆಂದು ತೋರಿ, 35 ರೂ.ಗೆ ಮಾರಿದರೂ ಲಾಭವೆಂಬ ಭ್ರಮೆ ಉಂಟಾಗುತ್ತಿತ್ತು. ಸ್ವಂತ ದುಡಿಮೆಗೂ ತಾಯಿಯ ದುಡಿಮೆಗೂ ಕೂಲಿ ಹಿಡಿಯದ ಲೆಕ್ಕ ಸರಿಯಾದ ಲೆಕ್ಕವಲ್ಲ.

ಗರಿಷ್ಠ ಮಾರಾಟ ಬೆಲೆ 75 ರೂ. ಎಂದಿಟ್ಟು, ಅಂಗಡಿಯವರಿಗೆ ಶೇ. 20ರಂತೆ 15 ರೂ. ಬಿಟ್ಟುಕೊಟ್ಟರೆ ತಯಾರಕಳಿಗೆ ಬರುವುದು 60 ರೂ. ವೆಚ್ಚ ಕಳೆದು ಉಳಿಯುವುದು 8 ರೂ. ತಿಂಗಳಿಗೆ ಬಾಡಿಗೆ, ನೋಂದಣಿ, ಪ್ರಯೋಗಾಲಯ ಶುಲ್ಕ ಮುಂತಾದ ಸ್ಥಿರ ವೆಚ್ಚ 2,400 ರೂ. ಇದ್ದಲ್ಲಿ, ಲಾಭ ನಷ್ಟ ಎರಡೂ ಇಲ್ಲದ ಸ್ಥಿತಿ ತಲುಪಲು 2,400 ÷ 8 = 300 ಬಾಟಲಿ ಮಾರಬೇಕು.

ಈಗ ಯಂತ್ರಕ್ಕಾಗಿ 1,80,000 ರೂ. ಸಾಲವನ್ನು ಶೇ. 12ರ ಬಡ್ಡಿಯಲ್ಲಿ 36 ಕಂತುಗಳಿಗೆ ಪಡೆದರೆ ತಿಂಗಳ ಕಂತು ಸುಮಾರು 6,000 ರೂ. ಆಗುತ್ತದೆ. ಸ್ಥಿರ ವೆಚ್ಚ 8,400 ರೂ.ಗೆ ಏರುತ್ತದೆ. ಬಾಟಲಿಯೊಂದರ ಉಳಿಕೆ 8 ರೂ.ಗಳೇ ಇದ್ದಲ್ಲಿ ಮಾರಬೇಕಾದ ಬಾಟಲಿಗಳ ಸಂಖ್ಯೆ 1,050. ಯಂತ್ರದಿಂದ ದುಡಿಮೆಯ ವೆಚ್ಚ ಇಳಿದರೆ ಈ ಸಂಖ್ಯೆ ಸ್ವಲ್ಪ ಕಡಿಮೆಯಾಗಬಹುದು. ಆದರೆ ಎಂಟು ವಾರಗಳ ಮಾರಾಟದ ಪರೀಕ್ಷೆಯಲ್ಲಿ ತಿಂಗಳಿಗೆ 120 ಬಾಟಲಿಗಳಷ್ಟೇ ಹೋಗಿದ್ದಲ್ಲಿ, ಸಾಲ ಪಡೆಯುವುದು ಸರಿಯಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ. ಅಂತಹ ಸಂದರ್ಭದಲ್ಲಿ ಬೇಕರಿ, ಹೋಟೆಲುಗಳಿಗೆ ದೊಡ್ಡ ಡಬ್ಬಿಯಲ್ಲಿ ಪೂರೈಸಿ ಬಾಟಲಿ ಮತ್ತು ಲೇಬಲ್ಲಿನ ಖರ್ಚು ಇಳಿಸಬಹುದೇ, ಬೇರೆ ಪಟ್ಟಣಗಳಲ್ಲಿ ಬೇಡಿಕೆ ಇದೆಯೇ ಎಂದು ಮತ್ತೊಮ್ಮೆ ಪರೀಕ್ಷಿಸಿ ಲೆಕ್ಕ ಹಾಕಬೇಕು.

7. ಉಪಕರಣಗಳ ಪರೀಕ್ಷೆ

ಯಂತ್ರೋಪಕರಣಗಳನ್ನು ಕಾಲೇಜಿನ ಕಾರ್ಯಾಗಾರದಲ್ಲಿ ಓಡಿಸಿ ನೋಡಿದರೆ ಸಾಲದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಘಟಕವು ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ತನ್ನ ವಿಸ್ತರಣಾ ಕೇಂದ್ರವನ್ನು ಇರಿಸಿತ್ತು. ಸೌದೆ ಉಳಿಸುವ 'ಅಸ್ತ್ರ ಒಲೆ' ಈ ಘಟಕದ ಕೊಡುಗೆ. ಒಲೆಯನ್ನು ಬಳಸುವವರು ಹಳ್ಳಿಯ ಗೃಹಿಣಿಯರಾದುದರಿಂದ, ಅದರ ಪರೀಕ್ಷೆಯೂ ಹಳ್ಳಿಯ ಅಡುಗೆಮನೆಯಲ್ಲಿಯೇ ಆಗಬೇಕಾಗುತ್ತದೆ: ಅವರ ಪಾತ್ರೆ, ಅವರ ಸೌದೆ, ಅವರ ಅಡುಗೆಯ ವೇಳೆ.

ಮೆಕ್ಕೆಜೋಳ ಬಿಡಿಸುವ ಸಾಧನವಾದಲ್ಲಿಯೂ ಇದೇ ಕ್ರಮ ಅನ್ವಯಿಸುತ್ತದೆ. ಒಣಗಿದ ತೆನೆ ಹಾಗೂ ಅರೆ ಒಣಗಿದ ತೆನೆ ಎರಡರಲ್ಲಿಯೂ ಗಂಟೆಗೆ ಎಷ್ಟು ಕೆ.ಜಿ. ಬಿಡಿಸುತ್ತದೆ, ನೂರು ಕಾಳಿನಲ್ಲಿ ಎಷ್ಟು ಒಡೆಯುತ್ತವೆ, ದಂಟಿನಲ್ಲಿ ಎಷ್ಟು ಉಳಿಯುತ್ತವೆ, ಎಷ್ಟು ಹೊತ್ತಿಗೊಮ್ಮೆ ನಿಲ್ಲುತ್ತದೆ ಎಂಬುದನ್ನು ಅಳೆದು ಬರೆಯಬೇಕು. ತಯಾರಿಸಿದವರು ಬಳಿಯಲ್ಲಿಲ್ಲದೆ ರೈತ ಕುಟುಂಬವೊಂದು ಒಂದು ವಾರ ಬಳಸಲು ಬಿಟ್ಟು, ಕೆಟ್ಟಾಗ ಊರಿನ ಕಮ್ಮಾರಸಾಲೆ ಅಥವಾ ವೆಲ್ಡಿಂಗ್ ಅಂಗಡಿಯಲ್ಲಿ ರಿಪೇರಿ ಆಗುತ್ತದೆಯೇ ಎಂದು ನೋಡಬೇಕು. ತಿರುಗುವ ಭಾಗಗಳಿಗೆ ಕವಚವಿಲ್ಲದ ಯಂತ್ರವನ್ನು ಯಾವ ಕಾರಣಕ್ಕೂ ಪರೀಕ್ಷೆಗೆ ಕೊಡಬಾರದು. ಸೀರೆಯ ಸೆರಗು, ಪಂಚೆಯ ಅಂಚು ಸಿಕ್ಕಿಕೊಂಡು ಆಗುವ ಅಪಘಾತಕ್ಕೆ ತಯಾರಕರೇ ಹೊಣೆಗಾರರಾಗುತ್ತಾರೆ.

8. ಪಾಲಿಸಬೇಕಾದ ಕಾನೂನುಗಳು

(1) ಭಾರತೀಯ ಕರಾರು ಅಧಿನಿಯಮ, 1872ರಂತೆ 18 ವರ್ಷ ತುಂಬದವರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ಪದವಿಪೂರ್ವ ವಿದ್ಯಾರ್ಥಿಗಳು ವ್ಯವಹಾರವನ್ನು ಪೋಷಕರ ಹೆಸರಿನಲ್ಲಿ ನಡೆಸಬೇಕಾಗುತ್ತದೆ.

(2) ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮ, 2006ರಂತೆ ಆಹಾರ ಪದಾರ್ಥ ತಯಾರಿಸಿ ಮಾರುವವರು ನೋಂದಣಿ ಅಥವಾ ಪರವಾನಗಿ ಹೊಂದಿರಬೇಕು. ಮನೆಯಲ್ಲಿ ಸಣ್ಣ ಪ್ರಮಾಣದಲ್ಲಿ ತಯಾರಿಸುವವರಿಗೂ ನೋಂದಣಿ ಅನ್ವಯಿಸುತ್ತದೆ. ಮಾರಾಟದ ಪರೀಕ್ಷೆಗೆ ಮೊದಲೇ ಇದನ್ನು ಪಡೆಯತಕ್ಕದ್ದು.

(3) ಪೊಟ್ಟಣದ ಮೇಲೆ ಪದಾರ್ಥದ ಹೆಸರು, ಒಳಗೊಂಡ ಅಂಶಗಳು, ನಿವ್ವಳ ತೂಕ, ತಯಾರಿಸಿದ ದಿನಾಂಕ, ಬಳಕೆಯ ಅವಧಿ, ತಂಡದ ಸಂಖ್ಯೆ, ಗರಿಷ್ಠ ಮಾರಾಟ ಬೆಲೆ, ತಯಾರಕರ ವಿಳಾಸ ಮುಂತಾದ ವಿವರಗಳಿರಬೇಕು. ಕಾನೂನು ಮಾಪನಶಾಸ್ತ್ರದ ಪೊಟ್ಟಣ ಸಾಮಗ್ರಿಗಳ ನಿಯಮಗಳು, 2011 ಸಹ ಅನ್ವಯಿಸುತ್ತವೆ.

(4) ಹೊಸ ಸಾಧನಕ್ಕೆ ಪೇಟೆಂಟ್ ಪಡೆಯುವ ಉದ್ದೇಶವಿದ್ದಲ್ಲಿ, ವಸ್ತುಪ್ರದರ್ಶನದಲ್ಲಿ ತೋರಿಸುವ ಅಥವಾ ಪತ್ರಿಕೆಗೆ ವಿವರ ನೀಡುವ ಮೊದಲೇ ತಾತ್ಕಾಲಿಕ ಅರ್ಜಿ ಸಲ್ಲಿಸಬೇಕು. ಮೊದಲೇ ಬಹಿರಂಗವಾದ ಸಾಧನಕ್ಕೆ ಪೇಟೆಂಟ್ ನಿರಾಕರಣೆಯಾಗಬಹುದು. ತಾತ್ಕಾಲಿಕ ಅರ್ಜಿಯ ನಂತರ 12 ತಿಂಗಳೊಳಗೆ ಪೂರ್ಣ ಅರ್ಜಿ ಸಲ್ಲಿಸತಕ್ಕದ್ದು.

(5) ಸಹಪಾಠಿಗಳು ಸೇರಿ ಉದ್ಯಮ ಆರಂಭಿಸಿದಲ್ಲಿ ಯಾರ ಹಣವೆಷ್ಟು, ದುಡಿಮೆಯೆಷ್ಟು, ಒಬ್ಬರು ಓದಿಗೆ ಅಥವಾ ಮದುವೆಯಾಗಿ ಬೇರೆ ಊರಿಗೆ ಹೋದಲ್ಲಿ ಪಾಲು ಏನಾಗಬೇಕು ಎಂಬುದನ್ನು ಮೊದಲೇ ಬರವಣಿಗೆಯಲ್ಲಿಡಬೇಕು.

9. ದೊರೆಯುವ ಮಾರ್ಗದರ್ಶನ

* ತಾಲ್ಲೂಕು ಪಂಚಾಯಿತಿ ಕಚೇರಿಯ ಕೈಗಾರಿಕಾ ವಿಸ್ತರಣಾಧಿಕಾರಿಗಳು ಮತ್ತು ಶಿವಮೊಗ್ಗದ ಜಿಲ್ಲಾ ಕೈಗಾರಿಕಾ ಕೇಂದ್ರ: ಸಾಲ, ಸಹಾಯಧನ ಯೋಜನೆಗಳು ಹಾಗೂ ನೋಂದಣಿಯ ವಿವರ.
* ಶಿವಮೊಗ್ಗದ ಕೃಷಿ ವಿಜ್ಞಾನ ಕೇಂದ್ರ ಹಾಗೂ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ: ಬೆಳೆ ಮತ್ತು ಸಂಸ್ಕರಣೆಗೆ ಸಂಬಂಧಿಸಿದ ಸಲಹೆ.
* ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ (ಸ್ಥಾಪನೆ 1950): ಆಹಾರ ತಂತ್ರಜ್ಞಾನ, ತರಬೇತಿ ಮತ್ತು ಪರೀಕ್ಷೆ.
* ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ: 1970ರ ದಶಕದಿಂದ ಅಂತಿಮ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಯೋಜನೆಗಳಿಗೆ ನೆರವು ನೀಡುತ್ತಾ ಬಂದಿದೆ.
* ಧಾರವಾಡದ ಕರ್ನಾಟಕ ಉದ್ಯಮಶೀಲತಾಭಿವೃದ್ಧಿ ಕೇಂದ್ರ (ಸಿಡಾಕ್): ಉದ್ಯಮಶೀಲತಾ ತರಬೇತಿ.

ಹುಬ್ಬಳ್ಳಿಯ ದೇಶಪಾಂಡೆ ಪ್ರತಿಷ್ಠಾನವು 2008ರಲ್ಲಿ ಆರಂಭಿಸಿದ 'ಲೀಡ್' ಕಾರ್ಯಕ್ರಮವು ಉತ್ತರ ಕರ್ನಾಟಕದ ಕಾಲೇಜು ವಿದ್ಯಾರ್ಥಿಗಳಿಗೆ ಸಣ್ಣ ಮೊತ್ತ ನೀಡಿ ಆಲೋಚನೆಯನ್ನು ಪ್ರಯೋಗಿಸಿ ನೋಡಲು ಅವಕಾಶ ಕಲ್ಪಿಸಿತು. ದೊಡ್ಡ ಸಾಲಕ್ಕೆ ಮೊದಲು ಸಣ್ಣ ಪ್ರಯೋಗ ಎಂಬ ಕ್ರಮಕ್ಕೆ ಇದು ಸಮೀಪದ ಉದಾಹರಣೆ. ಯೋಜನೆಗಳ ಅವಧಿ, ಸಹಾಯಧನದ ಪ್ರಮಾಣ ಹಾಗೂ ಶುಲ್ಕಗಳು ಕಾಲಕಾಲಕ್ಕೆ ಬದಲಾಗುವುದರಿಂದ ಅರ್ಜಿ ಸಲ್ಲಿಸುವ ಮೊದಲು ಸಂಬಂಧಿಸಿದ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಆಲೋಚನೆಯನ್ನು ಇತರರಿಗೆ ತಿಳಿಸಿದರೆ ಕದಿಯುವುದಿಲ್ಲವೇ?
ಉತ್ತರ: ಪೇಟೆಂಟ್‌ಗೆ ಅರ್ಹವಾದ ಸಾಧನದ ಒಳ ವಿವರವನ್ನು ಗೋಪ್ಯವಾಗಿಡಬೇಕು. ಉಳಿದಂತೆ, ಬಳಕೆದಾರರೊಂದಿಗೆ ಮಾತನಾಡದೆ ಇರುವುದರಿಂದ ಆಗುವ ನಷ್ಟವೇ ಹೆಚ್ಚು.

ಪ್ರಶ್ನೆ: ಮನೆಯಲ್ಲಿ ಹಣವಿಲ್ಲ. ಪರೀಕ್ಷೆಗೆ ಏನು ಮಾಡುವುದು?
ಉತ್ತರ: ಮೊದಲ ಮಾದರಿಯನ್ನು ಅತಿ ಸಣ್ಣ ಪ್ರಮಾಣದಲ್ಲಿ ತಯಾರಿಸಬಹುದು. ಉದಾಹರಣೆಯ ಜಾಮ್‌ಗೆ ಒಂದು ತಯಾರಿಕೆಯ ಪೂರ್ಣ ವೆಚ್ಚವೇ 1,554 ರೂ. ಆಗಿದ್ದು, ಅದರಲ್ಲಿ 360 ರೂ. ಸ್ವಂತ ದುಡಿಮೆಯ ಬಾಬ್ತು. ರುಚಿಯ ಪರೀಕ್ಷೆಗೆ 1 ಕೆ.ಜಿ. ತಿರುಳೂ ಸಾಕಾಗುತ್ತದೆ.

ಪ್ರಶ್ನೆ: ಸಹಾಯಧನವಿರುವಾಗ ಸಾಲ ಪಡೆಯಲು ಹಿಂಜರಿಕೆ ಏಕೆ?
ಉತ್ತರ: ಸಹಾಯಧನವು ಸಾಲದ ಒಂದು ಭಾಗವನ್ನು ಮಾತ್ರ ಇಳಿಸುತ್ತದೆ. ಉಳಿದ ಭಾಗ ಹಾಗೂ ಬಡ್ಡಿಯನ್ನು ಮಾರಾಟದಿಂದಲೇ ತೀರಿಸಬೇಕು. ಮಾರಾಟವಿಲ್ಲದ ಉತ್ಪನ್ನಕ್ಕೆ ಸಹಾಯಧನದಿಂದ ಮಾರುಕಟ್ಟೆ ಉಂಟಾಗುವುದಿಲ್ಲ.

ಪ್ರಶ್ನೆ: ಆಲೋಚನೆಯನ್ನು ಯಾವಾಗ ಕೈಬಿಡಬೇಕು?
ಉತ್ತರ: ಪರೀಕ್ಷೆ ಆರಂಭಿಸುವ ಮೊದಲೇ ಮಿತಿಯನ್ನು ಬರೆದಿಡಬೇಕು. ಉದಾಹರಣೆಗೆ, '8 ವಾರಗಳಲ್ಲಿ ಮತ್ತೆ ಬಂದು ಕೊಳ್ಳುವವರು 20ಕ್ಕಿಂತ ಕಡಿಮೆ ಇದ್ದಲ್ಲಿ ನಿಲ್ಲಿಸುವುದು'. ಫಲಿತಾಂಶ ಬಂದ ಮೇಲೆ ಮಿತಿಯನ್ನು ಸಡಿಲಿಸಬಾರದು. ಹೀಗೆ ಕೈಬಿಟ್ಟ ಆಲೋಚನೆಯಿಂದ ಕುಟುಂಬಕ್ಕೆ ಆಗುವ ನಷ್ಟ ಕೆಲವು ಸಾವಿರ ರೂಪಾಯಿಗಳು. ಅದೇ ಆಲೋಚನೆಗೆ ಸಾಲ ಪಡೆದ ಬಳಿಕ ಆಗುವ ನಷ್ಟಕ್ಕೆ ವರ್ಷಗಟ್ಟಲೆ ಕಂತು ಕಟ್ಟಬೇಕಾಗುತ್ತದೆ.

ಪ್ರಶ್ನೆ: ಪರೀಕ್ಷೆ ಯಶಸ್ವಿಯಾದ ಬಳಿಕ ಏನು ಮಾಡಬೇಕು?
ಉತ್ತರ: ನೋಟ್ ಪುಸ್ತಕದಲ್ಲಿ ಬರೆದಿಟ್ಟ ಮಾರಾಟದ ವಿವರ, ವೆಚ್ಚದ ಪಟ್ಟಿ, ಬಾಳಿಕೆ ಮತ್ತು ಸುರಕ್ಷತೆಯ ವರದಿಗಳನ್ನು ಯೋಜನಾ ವರದಿಗೆ ಲಗತ್ತಿಸಿ ಬ್ಯಾಂಕಿಗೆ ಸಲ್ಲಿಸಬಹುದು. ಅಂದಾಜಿನ ಅಂಕಿಗಳಿಗಿಂತ ಎಂಟು ವಾರಗಳ ನಿಜವಾದ ಮಾರಾಟದ ಲೆಕ್ಕಕ್ಕೆ ಬ್ಯಾಂಕಿನಲ್ಲಿಯೂ ಹೆಚ್ಚಿನ ಬೆಲೆ ಇರುತ್ತದೆ.

ಆಸಕ್ತ ವಿದ್ಯಾರ್ಥಿಗಳು ಮುಂದಿನ ರಜೆಯ ಅವಧಿಯನ್ನು ಮಾದರಿ ತಯಾರಿಕೆಗೂ, ಅದರ ನಂತರದ ಮಳೆಗಾಲವನ್ನು ಬಾಳಿಕೆಯ ಪರೀಕ್ಷೆಗೂ ಬಳಸಿಕೊಂಡಲ್ಲಿ, ಒಂದು ಶೈಕ್ಷಣಿಕ ವರ್ಷದೊಳಗೆ ತಮ್ಮ ಆಲೋಚನೆಯ ಕುರಿತು ಖಚಿತ ನಿರ್ಧಾರಕ್ಕೆ ಬರಬಹುದಾಗಿದೆ. ಹೆಚ್ಚಿನ ಮಾಹಿತಿಗಾಗಿ ಆಯಾ ತಾಲ್ಲೂಕು ಪಂಚಾಯಿತಿ ಕಚೇರಿಯ ಕೈಗಾರಿಕಾ ವಿಸ್ತರಣಾಧಿಕಾರಿಗಳನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.